ಎರಡು ಬೆರಳು ಬಟ್ಟೆ

ಮದುವೆಯ ಕಾಲದ ನೀಲಿ ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಕಳೆದ ವಾರ ಇಂದಿರಾನಗರದ ದರ್ಜಿಯೊಬ್ಬರು ಅದರ ಪಕ್ಕದ ಹೊಲಿಗೆ ಬಿಚ್ಚಿದರು. ಒಳಗಿಂದ ಎರಡು ಬೆರಳಗಲ ಬಟ್ಟೆ ಹೊರಬಂತು. ಕೋಟೆಲ್ಲ ಮಾಸಿದ್ದರೂ ಅಷ್ಟು ಮಾತ್ರ ಅಚ್ಚ ನೀಲಿ... ಅದನ್ನು ಹೊಲಿದಿದ್ದ ಶಿವಾಜಿನಗರದ ದರ್ಜಿ ಚಾಚಾ ನೆನಪಾದರು.

ತೊಂಬತ್ತರ ದಶಕದಲ್ಲಿ ಕಲಬುರಗಿಯಿಂದ ಬಂದ ನಾನು ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಚಾಚಾ ಮಿಲಿಟರಿ ಆಫೀಸರುಗಳ ಕೋಟು ಹೊಲಿಯುತ್ತಿದ್ದರು. ಎಂಥ ಸಣಕಲ ಬಂದರೂ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಡುವುದು ಅವರ ಪದ್ಧತಿ. ಪ್ರಮೋಷನ್ ಹಿಂದೆಯೇ ಹೊಟ್ಟೆಯೂ ಬರುತ್ತದೆ ಎಂಬುದು ಅವರ ಅನುಭವ. ಬಟ್ಟೆ ಕದಿಯುವ ದರ್ಜಿಗಳನ್ನಷ್ಟೇ ಕಂಡಿದ್ದ ನನಗೆ ಇದು ವಿಚಿತ್ರವೆನಿಸಿತ್ತು.

ಒಮ್ಮೆ ಸಮುದ್ರದಾಚೆಯ ಪುಟ್ಟ ದೇಶವೊಂದರಿಂದ ತರಬೇತಿಗೆ ಬಂದಿದ್ದ ಕ್ಯಾಪ್ಟನ್ ಹಸಿರು ಕೋಟು ಹೊಲಿಸಿದ. ಅಲ್ಲಿನ ದೊರೆಯ ಕೊನೆಯ ಮಗನಂತೆ. ಪಕ್ಕದ ಹೊಲಿಗೆ ದಪ್ಪವಾಯಿತು, ಕತ್ತರಿಸಿ ಎಂದ. ತನಗಿಂತ ಮುಂದೆ ಇಬ್ಬರು ಅಣ್ಣಂದಿರಿದ್ದಾರೆ, ತಾನೇನೂ ದೊಡ್ಡವನಾಗುವುದಿಲ್ಲ ಎಂದು ನಕ್ಕ. ಅವನ ಇಂಗ್ಲಿಷನ್ನು ಚಾಚಾಗೆ ನಾನೇ ತಿಳಿಸಿದೆ.

"ಕತ್ರಿ ಹಾಕಲ್ಲ ಅಂತ ಹೇಳ್ರೀ. ದೊಡ್ಡೋರಾದ್ಮೇಲೆ ಬಿಚ್ಚಿಸ್ಕೊಳ್ಲಿ, ಹೊಸಾದು ಬೇಕಾಗಲ್ಲ," ಎಂದರು ಚಾಚಾ.

ಹಾಗೇನಾದರೂ ಆದರೆ ಪಟ್ಟದ ದಿನ ಇದನ್ನೇ ತೊಡುತ್ತೇನೆ ಎಂದು ಕ್ಯಾಪ್ಟನ್ ಚಾಚಾರ ಕೈಹಿಡಿದು ಮಾತು ಕೊಟ್ಟ. ಅವನಿಗದು ತಮಾಷೆ. ಚಾಚಾ ಮಾತ್ರ ನಿಜವೆಂದೇ ನಂಬಿಬಿಟ್ಟರು.

ಆಮೇಲೆ ಅವನ ಸುದ್ದಿಗಾಗಿ ದಿನವೂ ನನ್ನಿಂದ ಪೇಪರ್ ಓದಿಸಿದರು. ಎಷ್ಟೋ ವರ್ಷಗಳ ಮೇಲೆ ಅವನು ಸೇನೆಯ ಮುಖ್ಯಸ್ಥನಾದ ಸುದ್ದಿ ಬಂತು. ಮುಂದೆ ದೊರೆ ತೀರಿಕೊಂಡ. ಒಬ್ಬ ಅಣ್ಣ ಮೊದಲೇ ಸತ್ತಿದ್ದ, ಇನ್ನೊಬ್ಬ ಸಿಂಹಾಸನ ಒಲ್ಲೆನೆಂದ. ಮನೆತನದ ಹಿರಿಯರು ಸೇರಿ ಈ ಸಿಪಾಯಿಯನ್ನೇ ಪಟ್ಟಕ್ಕೆ ಆರಿಸಿದರು.

"ಯಾವ್ ರಾಜ ಹಳೇ ಕೋಟ್ ಹಾಕ್ಕೋತಾನೆ ಚಾಚಾ? ಲಂಡನ್ನಿಂದ ತರಿಸ್ತಾನೆ ಬಿಡಿ," ಎಂದು ಚಹಾದಂಗಡಿಯವನು ರೇಗಿಸಿದ. ಮುದುಕನ ಮನಸ್ಸು ಮುರಿಯುತ್ತದಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಪೇಪರಿನಲ್ಲಿ ಬಣ್ಣದ ಫೋಟೊ ಬಂತು. ದಪ್ಪಗಾಗಿದ್ದ ಹೊಸ ದೊರೆ ಕೈಯೆತ್ತಿ ಪ್ರಮಾಣ ಮಾಡುತ್ತಿದ್ದ. ಕೋಟು ಹಸಿರೇನೋ ಹೌದು, ಆದರೆ ಹಸಿರು ಕೋಟು ಯಾರು ಬೇಕಾದರೂ ಹೊಲಿಯಬಹುದು. ಸಮಾಧಾನದ ಮಾತು ಹುಡುಕುತ್ತಿದ್ದೆ. ಚಾಚಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ ನೋಡ್ರೀ... ಕೈ ಕೆಳಗೆ."

ಕಂಕುಳಿಂದ ಕೆಳಕ್ಕೆ, ಮಾಸಿದ ಹಸಿರಿನ ನಡುವೆ ಎದ್ದು ಕಾಣುವ ಹೊಸ ಹಸಿರಿನ ಪಟ್ಟಿ!

"ಎರಡು ಬೆರಳೂ ಬಿಚ್ಚಿದಾರೆ," ಎಂದವರೇ ಇಡೀ ಗಲ್ಲಿಗೆ ಚಹಾ ಕುಡಿಸಿದರು. ಮೊದಲ ಲೋಟ ಚಹಾದಂಗಡಿಯವನಿಗೇ. ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಚಾಚಾ ಹೋಗಿ ಬಹಳ ವರ್ಷಗಳಾದವು. ನನ್ನ ಮದುವೆಯ ಕೋಟು ಹೊಲಿಯುವಾಗ, ನನ್ನಂಥ ಗುಮಾಸ್ತನಿಗೆ ಯಾವ ಪಟ್ಟ ಚಾಚಾ, ಬಟ್ಟೆ ಬಿಡಬೇಡಿ ಎಂದಿದ್ದೆ. ಅವರು ಕೇಳಿರಲಿಲ್ಲ.

"ಈಗ ಯಾರೂ ಇಷ್ಟು ಬಿಡಲ್ಲ ಸಾರ್. ಪೂರ್ತಿ ಬಿಚ್ಚಲಾ?" ಎಂದರು ಇಂದಿರಾನಗರದ ದರ್ಜಿ.

"ಒಂದು ಬೆರಳು ಸಾಕು," ಎಂದೆ. "ಇನ್ನೊಂದು ಒಳಗೇ ಇರಲಿ."