ಅಪ್ಪನ ಕೈಯಲ್ಲಿ ಉಳಿದ ಸೂಜಿ

ತೊಂಬತ್ತರ ದಶಕದಲ್ಲಿ ನಾನು ರಾಣೇಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಾಲ್ಕು ಮಂಚದ ಐಸಿಯು ನನ್ನ ಸುಪರ್ದಿಯಲ್ಲಿತ್ತು. ರೋಗಿಯನ್ನು ನೋಡಿ ಬರುವ ನಮ್ಮ ಕಡೆಯ ಪದ್ಧತಿಯ ಜೊತೆ ದಿನವೂ ನನ್ನ ಜಗಳ. ಒಬ್ಬರು ಮಲಗಿದರೆ ಟೆಂಪೋ ತುಂಬ ಜನ ಬರುತ್ತಿದ್ದರು. ಚಪ್ಪಲಿ ಬಿಡಿ ಎಂದರೆ ಬಿಡುತ್ತಿದ್ದರು, ಕೈ ತೊಳೆಯಿರಿ ಎಂದರೆ ಅವಮಾನ ಮಾಡಿದೆನೆಂಬಂತೆ ನೋಡುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತು ಬಯ್ದು ಕಳಿಸುತ್ತಿದ್ದೆ. ಬಾಯಿಬಡುಕಿ ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ.

ಹೀಗಿರುವಾಗ ಎದೆನೋವೆಂದು ನನ್ನ ಅಪ್ಪನೇ ಬಂದು ಮಲಗಿದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುತ್ತಿದ್ದವನು, ಊರಿಗೆಲ್ಲ ಬೇಕಾದವನು. ಪೇಟೆಯ ಅರ್ಧ ಜನ ಬಂದರು. ಒಬ್ಬೊಬ್ಬರೂ ಅವನ ಕೈ ಹಿಡಿದೇ ಮಾತಾಡಿದರು. ಮಂದಿಯನ್ನೆಲ್ಲ ತಡೆದವಳಿಗೆ ನಮ್ಮವರನ್ನು ತಡೆಯಲು ನಾಲಿಗೆ ಏಳಲಿಲ್ಲ.

ಸಲೈನ್ ಹಾಕಲು ಅಪ್ಪನ ನರ ಸಿಗುತ್ತಿರಲಿಲ್ಲ. ಮೊದಲ ದಿನ ಆರು ಕಡೆ ಚುಚ್ಚಿದ ಮೇಲೆ ಮೊಣಕೈ ಹತ್ತಿರ ಒಂದು ಸಿಕ್ಕಿತು. ಮೂರು ದಿನಕ್ಕೊಮ್ಮೆ ಸೂಜಿ ತೆಗೆದು ಬೇರೆ ಕಡೆ ಹಾಕಬೇಕೆಂಬುದು ನಮ್ಮ ನಿಯಮ. ಮೂರನೆಯ ದಿನ ತೆಗೆಯಲು ಹೋದರೆ ಅಪ್ಪ ಕೈ ಎಳೆದುಕೊಂಡ.

“ಇದು ಚೊಲೋ ಕುಂತೈತಿ, ಮತ್ತ ಚುಚ್ಚಬ್ಯಾಡವ್ವಾ,” ಎಂದ.

ಎದೆನೋವು ಇಳಿದಿತ್ತು, ಇನ್ನೆರಡು ದಿನದಲ್ಲಿ ಮನೆಗೆ ಹೋಗುವವನು. ಬಿಟ್ಟೆ. ಬದಲಿಸಿದ್ದೇನೆಂದು ಚಾರ್ಟಿನಲ್ಲಿ ಬರೆದೂಬಿಟ್ಟೆ.

ಅದೇ ಸಂಜೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ಕದರಮಂಡಲಗಿ ಆಂಜನೇಯನ ಸಿಂಧೂರ ತಂದಳು. ಹಣೆಗೆ ಹಚ್ಚಿ, ಉಳಿದದ್ದನ್ನು ನೋವಿರುವ ಜಾಗವೆಂದು ಸೂಜಿಯ ಪಟ್ಟಿಯ ಸುತ್ತ ಎಣ್ಣೆಬೆರಳಿನಿಂದ ಸವರಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ದೇವರ ವಿಷಯವೆಂದು ಬಾಯಿ ಮುಚ್ಚಿಕೊಂಡೆ.

ಐದನೆಯ ದಿನ ಬೆಳಿಗ್ಗೆ ಅಪ್ಪನಿಗೆ ಚಳಿಜ್ವರ ಬಂತು. ಮಂಚ ಅಲುಗಾಡುವಷ್ಟು ನಡುಗಿದ. ಡಾಕ್ಟರು ಚಾರ್ಟು ನೋಡಿದರು, ಸೂಜಿ ಹೊಸದೇ ಇದೆಯಲ್ಲ ಎಂದು ಎದೆಯ ಎಕ್ಸ್‌ರೇ ಬರೆದರು, ಮೂತ್ರ ಪರೀಕ್ಷೆಗೆ ಕಳಿಸಿದರು. ನಾನು ಅಲ್ಲೇ ಇದ್ದೆ. ಸುಳ್ಳು ಬರೆದದ್ದು ಗೊತ್ತಾದರೆ ಕೆಲಸ ಹೋದೀತೆಂದು ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಮಧ್ಯಾಹ್ನ ಜ್ವರ ಇನ್ನೂ ಏರಿತು. ತಡೆಯಲಾಗದೆ ಸ್ಪಿರಿಟ್ ಹತ್ತಿಯಿಂದ ಸಿಂಧೂರ ಒರೆಸಿದೆ. ಎಷ್ಟು ಒರೆಸಿದರೂ ಕೆಂಪು ಹೋಗಲಿಲ್ಲ. ಅದು ಚರ್ಮದ್ದೇ ಕೆಂಪು, ಮುಟ್ಟಿದರೆ ಸುಡುತ್ತಿತ್ತು. ಸೂಜಿ ಎಳೆದರೆ ಹಿಂದೆಯೇ ಕೀವು ಬಂತು. ಓಡಿಹೋಗಿ ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಬಯ್ಯಲಿಲ್ಲ, ಔಷಧಿ ಬದಲಿಸಿದರು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಂಜು ಆಗಲೇ ರಕ್ತಕ್ಕೆ ಸೇರಿತ್ತು. ಎಂಟನೆಯ ದಿನ ಅಪ್ಪ ಹೋದ.

ಹಾರ್ಟಿನಿಂದಲೇ ಹೋದನೆಂದು ಮನೆಯವರೆಲ್ಲ ತಿಳಿದರು. ಎಲ್ಲರೂ ಬಂದು ನೋಡಿದರಲ್ಲ, ಪುಣ್ಯವಂತ ಎಂದು ಸುತ್ತ ಕುಳಿತವರು ಹೇಳಿದರು. ಎದ್ದು ಒಬ್ಬೊಬ್ಬರನ್ನೂ ಹೊರಗೆ ದಬ್ಬಬೇಕೆನಿಸಿತು. ಅಷ್ಟರಲ್ಲಿ ಅತ್ತೆ ನನ್ನನ್ನು ಹತ್ತಿರ ಎಳೆದುಕೊಂಡಳು.

“ನೀ ಇದ್ದಿ ಅಂತ ನಮಗ ಚಿಂತೀನ ಇರಲಿಲ್ಲ ನೋಡವಾ,” ಎಂದಳು.

ಅವಳಿಗೆ ನಾನು ಕೊನೆಯವರೆಗೂ ನಿಜ ಹೇಳಲಿಲ್ಲ.