ಶಾರದೆಯ ಅಂಗೈಗೆ ಅರಿಶಿನ

ರಕ್ತ ಸುರಿಯುವ ಅಂಗೈಗೆ ಕಾಫಿಪುಡಿ ಮೆತ್ತುವುದನ್ನು ನಾನು ಮೊದಲು ಕಂಡದ್ದು ಬೇಲೂರಿನಲ್ಲಿ. ಅರಿಶಿನದ ಡಬ್ಬಿ ಕೈಗೆಟಕುವಷ್ಟು ಹತ್ತಿರವಿತ್ತು. ನಮ್ಮ ಉಡುಪಿಯಲ್ಲಿ ಕೈ ಕೊಯ್ದರೆ ಮೊದಲು ಓಡುವುದೇ ಅದಕ್ಕೆ.

ಕನ್ನಡನಾಡು ಒಂದಾದ ಮೇಲೆ ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನ ಕಲಿಸಲು ವರ್ಗವಾಗಿ ಬಂದವಳು ನಾನು. ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. ನಾನು ‘ಉಂಟು’ ಎಂದರೆ ಮಕ್ಕಳು ಕಿಸಕ್ಕನೆ ನಗುತ್ತಾರೆ, ಅವರದ್ದು ‘ಐತೆ’. ಬಾಡಿಗೆ ಕೋಣೆಯ ಒಂಟಿತನದಲ್ಲಿ ಮಾತಿಗೆ ಸಿಕ್ಕವಳು ಮನೆಯೊಡತಿ ಪದ್ಮಮ್ಮನವರ ಸೊಸೆ ಶಾರದೆ ಒಬ್ಬಳೇ. ಮದುವೆಯಾದ ವರ್ಷವೇ ಅವಳ ಗಂಡ ತೀರಿಕೊಂಡಿದ್ದ.

ಕುಂಬಳಕಾಯಿ ಹೆಚ್ಚುವಾಗ ಈಳಿಗೆಮಣೆ ಅವಳ ಅಂಗೈ ಸೀಳಿತ್ತು. ಅರಿಶಿನ ಹಾಕಿ ಎಂದೆ.

“ಗಂಡನ್ನ ಕಳ್ಕೊಂಡೋಳ ಮೈಗೆ ಅರಿಶಿನ ಸೋಕಿಸ್ತಾರೇನ್ರೀ, ಟೀಚರಮ್ಮ?” ಎಂದರು ಪದ್ಮಮ್ಮ.

ಸಾರಿನ ಅರಿಶಿನ ಹೊಟ್ಟೆಗೆ ಹೋಗಬಹುದು, ಗಾಯಕ್ಕೆ ಮಾತ್ರ ಬೇಡ! ನನಗೆ ಮೈ ಉರಿಯಿತು.

ಕೈ ಊದಿಕೊಂಡಿತು. ಅರಿಶಿನದ ಹಳದಿಯನ್ನು ರಸಾಯನಶಾಸ್ತ್ರಜ್ಞರು ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಹೆಸರಿಟ್ಟಿದ್ದಾರೆ, ಅದಕ್ಕೆ ಬಾವು ಇಳಿಸುವ, ಕ್ರಿಮಿ ತಡೆಯುವ ಗುಣವುಂಟು ಎಂದು ಶಾರದೆಗೆ ಹೇಳಿದೆ.

“ಹಾಗಾದ್ರೆ ಅದು ಔಷಧಿ ತಾನೇ? ಹಚ್ಚಿಬಿಡಿ. ಅತ್ತೆ ದೇವಸ್ಥಾನಕ್ಕೆ ಹೋಗಿದಾರೆ” ಎಂದಳು.

ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಪದ್ಮಮ್ಮ ಬಂದವರೇ ಅವಳನ್ನು ಬಚ್ಚಲಿಗೆ ಎಳೆದೊಯ್ದು ಸಾಬೂನಿನಿಂದ ಉಜ್ಜಿದರು. ಹಳದಿಯೆಲ್ಲ ಕೆಂಪಾಯಿತು. ಸಾಬೂನಿನ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ತರಗತಿಯಲ್ಲಿ ಮಕ್ಕಳಿಗೆ ತೋರಿಸುವ ಪ್ರಯೋಗ ಅದು. ಪದ್ಮಮ್ಮನವರಿಗೆ ಕಂಡದ್ದು ಕುಂಕುಮ.

“ಅಯ್ಯೋ, ಮನೆ ಹಾಳಾಯ್ತಲ್ಲೇ!” ಎಂದು ಅತ್ತರು. ಅದು ನಿಜವಾದ ಭಯವೇ. ದೋಷ ಕಳೆಯಲು ಶಾಂತಿ ಮಾಡಿಸುವ ಗಡಿಬಿಡಿ ಶುರುವಾಯಿತು. ಡಾಕ್ಟರಿಗೆ ತೋರಿಸಿ ಎಂದು ನಾನು ಅಂಗಲಾಚಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಂತಿ ಮುಗಿಸಿ ಹಾಸನದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಂಜು ಭುಜ ದಾಟಿತ್ತು. ಶಾರದೆ ಹೋಗಿಬಿಟ್ಟಳು. ಅರಿಶಿನವೊಂದೇ ಅವಳನ್ನು ಉಳಿಸುತ್ತಿತ್ತು ಎಂದು ನಾನು ಹೇಳಲಾರೆ. ಡಾಕ್ಟರು ಉಳಿಸುತ್ತಿದ್ದರೇನೋ.

ರಜೆಯಲ್ಲಿ ಉಡುಪಿಗೆ ಹೋಗಿ ಇದನ್ನೆಲ್ಲ ಹೇಳಿದೆ.

“ಎಂಥ ಊರು ಮಾರಾಯ್ತಿ ಅದು!” ಎಂದರು ಅಮ್ಮ. ನಾನೂ ಬಾಯಿತುಂಬ ಬೈದೆ.

ಮರುದಿನ ನಮ್ಮ ದೊಡ್ಡಮ್ಮ ಬೆರಳು ಕೊಯ್ದುಕೊಂಡರು. ಅವರೂ ಚಿಕ್ಕಂದಿನಲ್ಲೇ ವಿಧವೆಯಾದವರು. ಅರಿಶಿನ ಹಿಡಿದು ಓಡಿದೆ. ಅವರು ಕೈಯನ್ನು ಸೆರಗಿನೊಳಗೆ ಅಡಗಿಸಿದರು.

“ನನಗೆ ಎಂತಕ್ಕೆ ಮಗಾ ಅದು? ಇಷ್ಟು ವರ್ಷ ಇಲ್ಲದ್ದು.”

ಅಮ್ಮ ತಲೆಯೆತ್ತದೆ ಅಕ್ಕಿ ಆರಿಸುತ್ತಲೇ ಇದ್ದರು. ಆಮೇಲೆ ಬೇಲೂರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಉಡುಪಿಯನ್ನು ನಮ್ಮೂರು ಎನ್ನಲೂ ಬರಲಿಲ್ಲ.