ಬಿಟ್ಟಿ ಸಾಫ್ಟ್‌ವೇರೂ ನಮ್ಮ ಹೆಡ್‌ಮಾಸ್ತರರೂ

ಮೊನ್ನೆ ಶಾಲೆಯ ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿದಾಗ ಒಳಗಿನಿಂದ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯಿತು. ಬ್ಯಾಡಗಿ ಪೇಟೆಯ ಧೂಳು ಫ್ಯಾನಿನ ರೆಕ್ಕೆಗೆ ಕೆಂಪಗೆ ಅಂಟಿತ್ತು. ಸೀನು ಬರುವ ಮೊದಲೇ ಸಿಟ್ಟು ಬಂತು. ನೆನಪಾದದ್ದು ನಮ್ಮ ಹಿಂದಿನ ಹೆಡ್‌ಮಾಸ್ತರರು.

ನಾನಾಗ ಹೊಸದಾಗಿ ಬಂದ ಗಣಿತದ ಶಿಕ್ಷಕಿ. ಶಾಲೆಯಲ್ಲಿ ಆರು ಕಂಪ್ಯೂಟರುಗಳಿದ್ದವು, ಕಲಿಸುವಂಥದ್ದು ಅವುಗಳಲ್ಲಿ ಏನೂ ಇರಲಿಲ್ಲ. ಇಂಟರ್ನೆಟ್ ಇದ್ದ ಹಾವೇರಿಯ ಗೆಳತಿಯ ಮನೆಯಲ್ಲಿ ಕೂತು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಸಾಫ್ಟ್‌ವೇರ್ ಹುಡುಕಿದೆ. ರೇಖಾಗಣಿತದ್ದು ಒಂದು, ನಕಾಶೆಯದು ಒಂದು, ಚಿತ್ರ ಬಿಡಿಸುವುದು ಒಂದು... ಮೂರು ರವಿವಾರ ಶಾಲೆಯಲ್ಲಿ ಕೂತು ಎಲ್ಲವನ್ನೂ ಹಾಕಿದೆ. "ಮಾಡ್ರಿ, ಮಾಡ್ರಿ" ಎಂದು ಕೋಣೆಯ ಕೀಲಿ ಕೊಟ್ಟವರು ಹೆಡ್‌ಮಾಸ್ತರರೇ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಮಾತೇ ಆಡದವಳು, ಎರಡು ತಿಂಗಳು ಕೂತು ವೃತ್ತದ ಪಾಠವೊಂದನ್ನು ತಾನೇ ತಯಾರಿಸಿದಳು. ಬಿಂದುವನ್ನು ಎಳೆದರೆ ವೃತ್ತ ಹಿಗ್ಗುತ್ತಿತ್ತು, ಪಕ್ಕದಲ್ಲಿ ಅವಳದೇ ಕನ್ನಡದ ವಿವರಣೆ. ಚಿಕ್ಕ ತರಗತಿಯ ಮಕ್ಕಳಿಗೆ ಅವಳೇ ಅದನ್ನು ಕಲಿಸಿದಳು.

ಅಷ್ಟರಲ್ಲಿ ತಪಾಸಣೆಯ ಸುದ್ದಿ ಬಂತು. ಹೆಡ್‌ಮಾಸ್ತರರು ಹೆದರಿದರು.

"ಬಿಟ್ಟಿ ಸಿಕ್ಕೈತಿ ಅಂದ್ರ ಅದು ಕದ್ದಿದ್ದ ಇರಬೇಕ್ರಿ ಅಕ್ಕೋರ," ಎಂದರು ಎಲ್ಲ ಶಿಕ್ಷಕರೆದುರು.

"ಕದ್ದಿದ್ದಲ್ರಿ ಸರ. ಮಾಡಿದವರ ಎಲ್ಲಾರೂ ಬಳಸ್ರಿ ಅಂತ ಬರದಾರ. ಓದಿ ನೋಡ್ರಿ."

ಪರವಾನಗಿಯ ಹಾಳೆ ಕೊಟ್ಟೆ. ಅವರು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ ಚಹಾದ ಕಪ್ಪಿನ ಕೆಳಗಿಟ್ಟರು.

ಮರುದಿನ ನಾನು ತರಬೇತಿಗೆ ಹೋಗಿದ್ದಾಗ ರಾಣೆಬೆನ್ನೂರಿನಿಂದ ರಿಪೇರಿಯವನನ್ನು ಕರೆಸಿ ಆರೂ ಕಂಪ್ಯೂಟರುಗಳಲ್ಲಿದ್ದುದನ್ನೆಲ್ಲ ಅಳಿಸಿಹಾಕಿಸಿದರು. ಹುಡುಗಿಯ ಪಾಠವೂ ಹೋಯಿತು. ಅದರ ಇನ್ನೊಂದು ಪ್ರತಿಯನ್ನು ನಾನು ಇಟ್ಟುಕೊಂಡಿರಲಿಲ್ಲ, ಅದು ನನ್ನ ತಪ್ಪು. ತಪಾಸಣೆಗೆ ಬಂದ ಸಾಹೇಬರು ಆ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ.

"ಹೋಗ್ಲಿ ಬಿಡ್ರಿ ಅಕ್ಕೋರ," ಎಂದಳು ಹುಡುಗಿ. ಮತ್ತೆ ಕಂಪ್ಯೂಟರ್ ಕೋಣೆಗೆ ಕಾಲಿಡಲಿಲ್ಲ. ಹೆಡ್‌ಮಾಸ್ತರರು ನಿವೃತ್ತರಾಗುವವರೆಗೆ ನಾನು ಅವರೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಬೀಳ್ಕೊಡುಗೆಯ ದಿನ ಹಾರ ಹಾಕಲು ನನ್ನನ್ನು ಕರೆದರು. ಏಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡಾಗ ಕಾಗಿನೆಲೆಯ ಹತ್ತಿರದ ಅವರ ಊರಿಗೆ ಹೋಗಿದ್ದೆ. "ನಿಮ್ಮ ಮ್ಯಾಲೆ ಅವರಿಗೆ ಭಾಳ ಅಭಿಮಾನ ಇತ್ರಿ," ಎಂದರು ಅವರ ಹೆಂಡತಿ. ಇದ್ದಿರಬಹುದು... ನನಗೆ ಕಣ್ಣೀರು ಬರಲಿಲ್ಲ.

ಈಗ ಅದೇ ಸಾಫ್ಟ್‌ವೇರ್ ಶಾಲೆಯ ಎಲ್ಲ ಕಂಪ್ಯೂಟರುಗಳಲ್ಲೂ ಇದೆ, ಯಾರೂ ಬೇಡವೆನ್ನುವುದಿಲ್ಲ. ಕಳೆದ ತಿಂಗಳು ಹಾವೇರಿ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ದವಾಖಾನೆಯೊಂದರಲ್ಲಿ ಚೀಟಿ ಬರೆಯುವ ಕೆಲಸವಂತೆ.

"ಅಲ್ಲಿ ಕಂಪ್ಯೂಟರ್ ಇಲ್ಲೇನವಾ?" ಎಂದೆ.

"ಅದಾವ್ರಿ. ನನಗ ಬರಂಗಿಲ್ರಿ ಅಕ್ಕೋರ."

ಮನೆ ಮುಟ್ಟುವವರೆಗೂ ಹೆಡ್‌ಮಾಸ್ತರರೊಡನೆ ಮನಸ್ಸಿನಲ್ಲೇ ಜಗಳವಾಡಿದೆ. ಎದುರಿಗೆ ನಿಂತು ಕೇಳೋಣವೆಂದರೆ ಆ ಮನುಷ್ಯ ಈಗ ಇಲ್ಲ.